ತಾತನ ಹಲ್ಲು ಸೆಟ್ಟು

ಆಗೆಲ್ಲ ನಮ್ಮ ಕಡೆಯ ದೆವ್ವಗಳು ಯಾರನ್ನೂ ಹೆದರಿಸುತ್ತಿರಲಿಲ್ಲ; ತಕರಾರು ಮಾಡುತ್ತಿದ್ದವು. ಅಜ್ಜಿಯ ಕತೆಗಳಲ್ಲಂತೂ ಹಾಗೇ ಇತ್ತು. ಸಾರಿಗೆ ಉಪ್ಪು ಸಾಲದೆಂದು ಹೆಂಡತಿಯನ್ನು ಬೈಯಲು ಒಂದು ದೆವ್ವ ಹೊಲದಿಂದ ಮನೆಯವರೆಗೂ ನಡೆದು ಬಂದಿತ್ತು. ಬಸ್ಸಿನಲ್ಲಿ ನಿದ್ದೆ ಹೋಗಿ ಹಾಗೆಯೇ ಸತ್ತ ನೆಂಟನೊಬ್ಬ, ಇಳಿಯುವ ಸ್ಟಾಪು ತಪ್ಪಿತೆಂದು ಬೇಲೂರಿಗೂ ಅರಸೀಕೆರೆಗೂ ಇನ್ನೂ ಓಡಾಡುತ್ತಿದ್ದ, ಅದೂ ಕಿಟಕಿ ಸೀಟಿನಲ್ಲೇ. ನಿಮ್ಮ ಮನೆಯಲ್ಲೂ ಇಂಥವರು ಒಬ್ಬಿಬ್ಬರು ಇದ್ದಿರಬಹುದು.

ನಮ್ಮ ಊರು ಹಳೇಬೀಡು ದಾಟಿ ಅರಸೀಕೆರೆ ಕಡೆಗೆ. ಮನೆಯ ಅಟ್ಟದ ತುಂಬ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಬಿಟ್ಟ ತೆಂಗಿನಕಾಯಿ. ಅಲ್ಲಿಗೆ ಏಣಿ ಇದ್ದದ್ದು ಅಜ್ಜಿಯ ಕೋಣೆಯೊಳಗೆ. ಒಣನಾರು, ಎಣ್ಣೆ, ಒಲೆಯ ಹೊಗೆ ಮೂರೂ ಬೆರೆತ ವಾಸನೆ ಅಲ್ಲಿಂದ ಕೆಳಗಿಳಿದು ನಮ್ಮ ಹಾಸಿಗೆಗಳಲ್ಲೂ ಇರುತ್ತಿತ್ತು.

ನಾನು ಐದನೇ ತರಗತಿಯಲ್ಲಿದ್ದಾಗ, ಆಷಾಢದಲ್ಲಿ ತಾತ ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲೇ ಇಲ್ಲ. ಬಾಯಿ ಒಳಕ್ಕೆ ಸೇದಿಕೊಂಡಂತಿತ್ತು. ಸತ್ತವರು ಹೀಗೇ ಕಾಣುತ್ತಾರೆ ಎಂದುಕೊಂಡೆವು. ತೋಟದಲ್ಲಿ ಮಣ್ಣು ಮಾಡಿ ಬಂದು ಕೈಕಾಲು ತೊಳೆಯುವಾಗ ನೋಡಿದರೆ, ಬಚ್ಚಲ ಕಿಟಕಿಯ ಸ್ಟೀಲ್ ಲೋಟದಲ್ಲಿ ಅವರ ಹಲ್ಲು ಸೆಟ್ಟು ನೀರೊಳಗೆ ನಗುತ್ತಿತ್ತು.

ದೊಡ್ಡಪ್ಪ ಲೋಟ ಹಿಡಿದುಕೊಂಡು ನಿಂತೇಬಿಟ್ಟರು. "ಈಗೇನ್ ಮತ್ತೆ ಅಗೆಯಕ್ಕಾಯ್ತದಾ? ಅಪ್ಪ ಬಂದು ಕೇಳಿದ್ರೆ ಏನ್ ಹೇಳೋದು?"

"ಕೇಳಕ್ಕೂ ಹಲ್ಲು ಬೇಕಲ್ಲ," ಎಂದ ಅವರ ಮಗ ಮಂಜ. ಬೆನ್ನಿಗೆ ಒಂದು ಬಿತ್ತು. ಅಜ್ಜಿ ಲೋಟ ಇಸಿದುಕೊಂಡು ಒಳಗೆ ಹೋದಳು.

ಶ್ರಾವಣದ ಹೊತ್ತಿಗೆ ಅಟ್ಟದಲ್ಲಿ ಸದ್ದು ಶುರುವಾಯಿತು. ಮಧ್ಯಾಹ್ನ ಮನೆ ತಣ್ಣಗಾದ ಮೇಲೆ, ಕಟುಂ, ಕಟುಂ. ಯಾರೋ ನಿಧಾನವಾಗಿ, ಅವಸರವಿಲ್ಲದೆ ಅಗಿಯುತ್ತಿದ್ದರು. ನಾನೂ ಮಂಜನೂ ಉಸಿರು ಹಿಡಿದು ಕೇಳುತ್ತಿದ್ದೆವು. ಅಜ್ಜಿಗೆ ಮಾತ್ರ ಕೇಳಿಸುತ್ತಿರಲಿಲ್ಲ. ಅವಳು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದಳು. ಎದ್ದ ಮೇಲೆ, "ನಿಮ್ ತಾತನೇ ಇರ್ಬೇಕು ಕಣ್ರೋ. ಕೊಬ್ರಿ ಬೆಲ್ಲ ಅಂದ್ರೆ ಪ್ರಾಣ ಬಿಡೋರು. ನೀವ್ಯಾರೂ ಮೇಲಕ್ಕೆ ಹತ್ಬೇಡಿ," ಎನ್ನುತ್ತಿದ್ದಳು.

ದೊಡ್ಡಪ್ಪ ಸೊರಗಿದರು. "ಅಪ್ಪ ಹಲ್ಲಿಗೋಸ್ಕರ ಅಲೀತಾವ್ರೆ. ಮಾಲಯ ಅಮಾಸೆಗೆ ಎಡೇಲಿ ಇಟ್ಟು, ಬೆಳಿಗ್ಗೆ ಅವರ ಪಕ್ಕದಲ್ಲೇ ಹೂತುಬಿಡನ," ಎಂದು ತೀರ್ಮಾನಿಸಿದರು. ಅಂದಿನಿಂದ ಅಟ್ಟದ ಸದ್ದು ದಿನಾ ಬರತೊಡಗಿತು. ದೆವ್ವಕ್ಕೆ ಅವಸರ ಬಂದಂತಿತ್ತು.

ಒಂದು ಮಧ್ಯಾಹ್ನ ಅಜ್ಜಿಯ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಹಾಸಿಗೆ ಖಾಲಿ. ಏಣಿ ಹತ್ತಿದೆ. ಕಾಯಿರಾಶಿಗೆ ಒರಗಿ, ಕಾಲು ಚಾಚಿ, ಮಡಿಲಲ್ಲಿ ಕೊಬ್ಬರಿ ಬೆಲ್ಲ ಇಟ್ಟುಕೊಂಡು ಅಜ್ಜಿ ಕೂತಿದ್ದಳು. ಅವಳ ಮುಖದಲ್ಲಿ ತಾತನ ಬಾಯಿತ್ತು.

ಸೆಟ್ಟು ತೆಗೆದು ಸೆರಗಲ್ಲಿ ಒರೆಸಿದಳು. "ಹೆದ್ರಿದ್ಯಾ?"

"ಇಲ್ಲ. ಅದು ನಿಂಗೆ ಆಗುತ್ತಾ?"

"ಸಡಿಲ ಐತೆ. ಅಭ್ಯಾಸ ಆಗೈತೆ. ಅರಸೀಕೆರೇಲಿ ಮಾಡಿಸ್ದಾಗ ನಂಗೂ ಒಂದು ಬೇಕು ಅಂದೆ. 'ನಿಂಗ್ಯಾಕೆ, ಮನೇಲೇ ಇರ್ತೀಯಲ್ಲ' ಅಂದ್ರು. ಅವ್ರು ಮಲಗ್ದಾಗ ಹಾಕ್ಕಂತಿದ್ದೆ." ಸ್ವಲ್ಪ ಹೊತ್ತು ಬೆಲ್ಲ ಚೀಪಿದಳು. "ಅವತ್ತೂ ನನ್ ಬಾಯಲ್ಲೇ ಇತ್ತು ಕಣೇ. ಕೆಳಗಿಳಿದು ನೋಡಿದ್ರೆ ಹೋಗಿದ್ರು. ಅಷ್ಟು ಜನದ ಮುಂದೆ ಎಲ್ಲಿಂದ ತಂದು ಹಾಕ್ಲಿ? ಬಚ್ಚಲ ಲೋಟಕ್ಕೆ ಹಾಕಿಟ್ಟೆ."

ನಾನು ಪಕ್ಕದಲ್ಲಿ ಕೂತೆ. ಅವಳು ನನಗೊಂದು ಚೂರು ಕೊಬ್ಬರಿ ಕೊಟ್ಟಳು.

ಅಮಾವಾಸ್ಯೆಯ ದಿನ ನಾಟಿಕೋಳಿ ಸಾರು, ಮುದ್ದೆ, ಕಜ್ಜಾಯ, ಹೊಸ ಪಂಚೆ, ಒಂದು ಕಟ್ಟು ಬೀಡಿ, ಅವುಗಳ ನಡುವೆ ಲೋಟದಲ್ಲಿ ಹಲ್ಲು. ಎಡೆಯಿಟ್ಟು ಬಾಗಿಲು ಎಳೆದುಕೊಂಡು, ಹಿರಿಯರು ಉಣ್ಣುವ ತನಕ ಎಲ್ಲರೂ ಜಗಲಿಯಲ್ಲಿ ಕಾಯುವುದು ನಮ್ಮ ಪದ್ಧತಿ. ಅಜ್ಜಿಯೂ ನಾನೂ ಬಾಗಿಲಿಗೆ ಒರಗಿ ಕೂತಿದ್ದೆವು. ಅವಳು ದೊಡ್ಡಪ್ಪನಿಗೆ ಮೆಲ್ಲಗೆ, "ನಿಮ್ಮಪ್ಪ ಮಾತಾಡಿದ್ರು ಕಣ್ಲಾ. ಹಲ್ಲು ಬೇಡ್ವಂತೆ," ಎಂದಳು.

"ನಂಗೇನೂ ಕೇಳಿಸ್ನಿಲ್ಲ," ಎಂದ ಮಂಜ.

"ನಿನ್ ಬಾಯಿ ನಿಂತ್ರೆ ತಾನೆ ಕಿವಿ ಕೇಳ್ಸೋದು," ಅಜ್ಜಿ ಗದರಿದಳು.

ದೊಡ್ಡಪ್ಪ ನನ್ನತ್ತ ತಿರುಗಿದರು. ನಾನು ಮಾತು ಕಡಿಮೆಯ ಹುಡುಗಿ. ಅದರಿಂದಲೇ ನನ್ನ ಮಾತಿಗೆ ಮನೆಯಲ್ಲಿ ಬೆಲೆಯಿತ್ತು. "ನಿಂಗೂ ಕೇಳಿಸ್ತೇನವ್ವ?"

"ಹೂಂ."

"ಏನಂದ್ರು?"

ಅಜ್ಜಿಯ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. "ಮುದ್ದೆ ನುಂಗೋಕೆ ಹಲ್ಲು ಯಾಕೆ ಅಂದ್ರು," ಎಂದೆ.

ದೊಡ್ಡಪ್ಪ ಯೋಚಿಸಿದರು. "ಮತ್ತೆ ಕೋಳಿ?"

"ಸಾರು ಕುಡಿದ್ರಂತೆ," ಎಂದಳು ಅಜ್ಜಿ, ನನ್ನನ್ನೇ ನೋಡುತ್ತ. ಕತೆ ಹೇಳುವವಳು ಇನ್ನೊಬ್ಬ ಕತೆಗಾರ್ತಿಯನ್ನು ನೋಡುವ ನೋಟ ಅದು.

ಹಲ್ಲು ಮನೆಯಲ್ಲೇ ಉಳಿಯಿತು. ಅಟ್ಟದ ಸದ್ದೂ ಉಳಿಯಿತು, ವರ್ಷಗಟ್ಟಲೆ. ಅದು ಕೇಳಿದೊಡನೆ ದೊಡ್ಡಪ್ಪ, "ಅಪ್ಪ ತಿಂತಾವ್ರೆ," ಎಂದು ಟಿವಿ ಸದ್ದು ತಗ್ಗಿಸುತ್ತಿದ್ದರು. ಅಜ್ಜಿಯ ಗುಟ್ಟನ್ನು ನಾನು ಯಾರಿಗೂ ಹೇಳಲಿಲ್ಲ. ಅವಳೂ ಮತ್ತೆ ಆ ಮಾತೆತ್ತಲಿಲ್ಲ. ಮಧ್ಯಾಹ್ನ ಕೆಳಗಿಳಿದು ಬಂದಾಗ ನನ್ನ ಅಂಗೈಗೆ ಒಂದು ಚೂರು ಸೇರುತ್ತಿತ್ತು, ಅಷ್ಟೇ.

ನಾನು ಎಂ.ಎಸ್ಸಿ. ಮುಗಿಸಿದ ವರ್ಷ ಅಜ್ಜಿ ಹೋದಳು. ಸ್ನಾನ ಮಾಡಿಸಿ ಹೊಸ ಸೀರೆ ಉಡಿಸುವಾಗ, ಸೆರಗಿನ ಗಂಟೊಳಗೆ ಹಲ್ಲು ಸೆಟ್ಟು ಕಟ್ಟಿದವಳು ನಾನು. ಯಾರೂ ಗಮನಿಸಲಿಲ್ಲ.

ಈಗ ನಮ್ಮ ಕಾಯಿ ಎಳನೀರಾಗಿ ತೋಟದಿಂದಲೇ ಲಾರಿ ಹತ್ತುತ್ತದೆ. ಅಟ್ಟದಲ್ಲಿ ಹಳೆಯ ಡ್ರಮ್ಮು, ಒಡೆದ ಕುರ್ಚಿಗಳಿವೆ. ಮಧ್ಯಾಹ್ನ ಮನೆಯಲ್ಲಿ ಯಾವ ಸದ್ದೂ ಇರುವುದಿಲ್ಲ, ಟಿವಿ ತಗ್ಗಿಸಲು ಕಾರಣವೂ ಇಲ್ಲ. ದೊಡ್ಡಪ್ಪನ ಮೊಮ್ಮಕ್ಕಳಿಗೆ ಗೊತ್ತಿರುವ ದೆವ್ವಗಳು ಫೋನಿನಲ್ಲಿ ಬಂದು ಕಿರುಚಿ ಹೋಗುತ್ತವೆ; ಒಂದೂ ಉಪ್ಪು ಸಾಲದು ಎನ್ನುವುದಿಲ್ಲ.

ಕಳೆದ ಅಮಾವಾಸ್ಯೆಗೆ ಎಡೆಗೆಂದು ಅಂಗಡಿಯಿಂದ ತಂದ ಕೊಬ್ಬರಿ ಹೆಚ್ಚುತ್ತಿದ್ದೆ. ಅಮ್ಮ ಬಗ್ಗಿ ನೋಡಿದಳು. "ಸಣ್ಣಗೆ ಹೆಚ್ಚೇ. ಅಷ್ಟು ದಪ್ಪ ಇದ್ರೆ ಅವ್ರು ಹೆಂಗ್ ತಿಂತಾರೆ, ಇಬ್ರಿಗೂ ಹಲ್ಲಿಲ್ಲ."

"ಇರ್ಲಿ ಬಿಡಮ್ಮ," ಎಂದೆ. "ಒಬ್ಬರಾದ ಮೇಲೆ ಒಬ್ಬರು ತಿಂತಾರೆ."