ಏಳದ ಓಬಣ್ಣ

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದ ಓಬಣ್ಣನಿಗೆ ಒಂದು ಹೆಸರಿತ್ತು: ಕೂತರೆ ಏಳದವನು. ಬೆಳಿಗ್ಗೆ ಕುರ್ಚಿ ಹಿಡಿದರೆ ಮಧ್ಯಾಹ್ನದ ಊಟಕ್ಕೇ ಏಳುವುದು. ನಡುವೆ ಏಳಬೇಕಾದೀತು ಅಂತ ನೀರೂ ಕುಡಿಯುತ್ತಿರಲಿಲ್ಲ. ಇಂಥದ್ದಕ್ಕೂ ಮೀಸೆ ತಿರುವುವ ಜನ ಇದ್ದಾರೆ, ಏನು ಹೇಳೋಣ!

ಈ ಚಾಳಿ ಮೊಳಕಾಲ್ಮೂರಿನ ಮನೆಯಿಂದ ಬಂದದ್ದು. ಅವನಪ್ಪ ರೇಷ್ಮೆ ಸೀರೆ ನೇಯುವವನು. ಅಂಚಿನ ಹೂವನ್ನು ಅರ್ಧಕ್ಕೆ ಬಿಟ್ಟು ಮಗ್ಗದಿಂದ ಎದ್ದರೆ ಒಳ್ಳೆಯದಲ್ಲ ಅಂತ ಆ ಮನೆಯ ನಂಬಿಕೆ. ನೆಂಟರು ಬಾಗಿಲಿಗೆ ಬಂದು ನಿಂತರೂ ಅಪ್ಪ ಏಳುತ್ತಿರಲಿಲ್ಲ. ಮಗ ಓದಿ ಕುರ್ಚಿ ಸೇರಿದಾಗ ಆ ನಂಬಿಕೆಯನ್ನೂ ಬುತ್ತಿಯ ಜೊತೆ ಕಟ್ಟಿಕೊಂಡು ಬಂದ.

ಪಕ್ಕದ ಮೇಜಿನ ಪ್ರಭು ಇದಕ್ಕೆ ತದ್ವಿರುದ್ಧ. ಆಗಾಗ ಎದ್ದು ಶೇಂಗಾ ಚೀಲಗಳ ನಡುವೆ ಒಂದು ಸುತ್ತು ಹಾಕಿ, ಮೈ ಮುರಿದು, ನೀರು ಕುಡಿದು ಬರುವವನು. "ಕಾಲಲ್ಲಿ ಚಕ್ರ ಐತೇನಲೇ ನಿಂಗೆ?" ಎಂದು ಓಬಣ್ಣ ಹಂಗಿಸುತ್ತಿದ್ದ. ಕೊನೆಗೆ ಇವನು ಮೈಗಳ್ಳ ಅಂತ ಮಿಲ್ಲಿನ ಸಾಹುಕಾರರ ಕಿವಿಗೂ ಹಾಕಿದ. "ಕೆಲಸ ಅಂದ್ರೆ ಓಬಣ್ಣನಂಗೆ ಕೂರ್ಬೇಕು" ಎಂದು ಸಾಹುಕಾರರು ಪ್ರಭುವನ್ನು ಮನೆಗೆ ಕಳಿಸಿದರು. ಅವನ ಕೆಲಸವೂ ಓಬಣ್ಣನ ಮೇಜಿಗೇ ಬಂತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅದರ ಮೇಲೆ ಕಂಪ್ಯೂಟರೂ ಬಂತು.

ಆಮೇಲೆ ಸೊಂಟ ಹಿಡಿಯಿತು. ಕತ್ತು ತಿರುಗದು, ಬೆರಳು ಜೋಮು, ಸಂಜೆಯಾದರೆ ಪಾದ ಊದುವುದು. ಡಾಕ್ಟರು ಮಾತ್ರೆ ಬರೆಯುವ ಮೊದಲು ಬೈದರು: "ಅರ್ಧ ಗಂಟೆಗೊಂದು ಸಲ ಏಳ್ರೀ. ಓಡಾಡ್ರಿ, ನೀರು ಕುಡೀರಿ. ಕಂಪ್ಯೂಟರು ಕಣ್ಣಿನ ಮಟ್ಟಕ್ಕಿರ್ಲಿ, ಪಾದ ನೆಲಕ್ಕೆ ಊರ್ಲಿ." ಓಬಣ್ಣ ಮಾತ್ರೆ ತಗೊಂಡ, ಮಾತನ್ನು ಅಲ್ಲೇ ಬಿಟ್ಟ. "ನಮ್ಮಪ್ಪ ಜೀವಮಾನ ಎಲ್ಲಾ ಕೂತೇ ನೇಯ್ದಾನೆ, ಅವನಿಗೇನಾಗೈತೆ?" ಎಂದು ಹೆಂಡತಿ ರೇಣುಕಮ್ಮನ ಬಾಯಿ ಮುಚ್ಚಿಸಿದ.

ಒಂದು ದಿನ ಕುರ್ಚಿಯಿಂದ ಏಳಲಿಕ್ಕೇ ಆಗಲಿಲ್ಲ. ಹಮಾಲಿಗಳು ಎತ್ತಿ ಆಟೋದಲ್ಲಿ ಕೂರಿಸಿದರು. ರಜೆ ಹಾಕಿ ಊರಿಗೆ ಹೋದ. ಅವ್ವ ಗೋವಿಂದಮ್ಮ, ಅಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯ ಪಕ್ಕದಲ್ಲೇ ಚಾಪೆ ಹಾಸಿ ಮಲಗಿಸಿ, ಹರಳೆಣ್ಣೆ ಕಾಸಿ ತಿಕ್ಕಿದಳು. ಪಕ್ಕಕ್ಕೆ ಹೊರಳಿದಾಗ ಓಬಣ್ಣನ ಕಣ್ಣಿಗೆ ಬಿದ್ದದ್ದು ಗುಂಡಿಯೊಳಗಿನ ಅಪ್ಪನ ಕಾಲುಗಳು. ಎಡಗಾಲು, ಬಲಗಾಲು, ಮತ್ತೆ ಎಡಗಾಲು, ಹಲಗೆ ತುಳಿಯುತ್ತಲೇ ಇದ್ದವು. ಮೇಲೆ ಭುಜಗಳು ಲಾಳಿಯ ಜೊತೆ ಅತ್ತಿತ್ತ ಆಡುತ್ತಿದ್ದವು. ಅಪ್ಪ ಎಲ್ಲಿ ಕೂತಿದ್ದ? ಜೀವಮಾನವೆಲ್ಲ ಅದೇ ಗುಂಡಿಯಲ್ಲಿ ನಡೆದವನು. ಈ ದಡ್ಡ ಅವನಿಂದ ಕಲಿತದ್ದು ಏಳಬಾರದು ಅನ್ನುವುದೊಂದನ್ನೇ.

"ಏಮಿರಾ, ಹಂಗೆ ನೋಡ್ತೀಯಾ?" ಅಂದ ಅಪ್ಪ, ಗಡಿಸೀಮೆಯ ತೆಲುಗು ಬೆರೆಸಿ. ಓಬಣ್ಣ ಗೋಡೆಯ ಕಡೆ ತಿರುಗಿದ. ಪ್ರಭುವಿನ ನೆನಪಾಗಿ ನಾಚಿಕೆಯಾಗಿತ್ತು.

ನೋವು ಸ್ವಲ್ಪ ತಗ್ಗಿದ ಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಹಟ ಹಿಡಿದು ಮಾಡಿದ. ಬೆಳಿಗ್ಗೆ ಸಂಜೆ ನಡೆದ, ಕತ್ತು ಭುಜ ತಿರುಗಿಸಿದ, ಚೊಂಬುಗಟ್ಟಲೆ ನೀರು ಕುಡಿದ. ಸೊಂಟ ನಿಜಕ್ಕೂ ಸಡಿಲಾಯಿತು. ಮಿಲ್ಲಿಗೆ ಮರಳಿದ ದಿನವೇ ಕಂಪ್ಯೂಟರನ್ನು ಮೇಲಕ್ಕೆತ್ತಿ ಇಟ್ಟುಕೊಂಡ. ಸ್ವಲ್ಪ ಹೊತ್ತಿಗೆ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದ. ಮತ್ತೆ ಎದ್ದಾಗ ಸಾಹುಕಾರರು ಬಾಗಿಲಲ್ಲಿದ್ದರು. ಬೈಯಲಿಲ್ಲ, ನಗುತ್ತಲೇ ಕೇಳಿದರು:

"ಏನ್ ಓಬಣ್ಣ, ಇನ್ನೂ ಸರಿಹೋಗಿಲ್ವಾ? ಆಗಲ್ಲಾಂದ್ರೆ ಹೇಳ್ಬಿಡಪ್ಪ. ಕೂರೋರು ಬೇಕಾದಷ್ಟು ಜನ ಅವ್ರೆ."

ಡಾಕ್ಟರ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಎದ್ದು ಓಡಾಡುವವನು ಮೈಗಳ್ಳ ಅಂತ ಈ ಸಾಹುಕಾರರಿಗೆ ಕಲಿಸಿದವನು ತಾನೇ ಅಲ್ಲವೇ? ಈಗ ಯಾವ ಬಾಯಲ್ಲಿ ಹೇಳುವುದು? ಮಾಡಿದ್ದುಣ್ಣೋ ಮಹರಾಯ.

"ಏನಿಲ್ರೀ ಸಾಹುಕಾರ್ರೆ, ಎಲ್ಲಾ ಸರಿಯಾಗೈತೆ" ಎಂದು ಓಬಣ್ಣ ಕುರ್ಚಿ ಎಳೆದುಕೊಂಡು ಕೂತ. ಊಟದ ಹೊತ್ತಿನ ತನಕ ಏಳಲಿಲ್ಲ.