ಐದನೇ ಬೀಗ

ಕಣ್ಣಿಗೆ ಕಾಣದ್ದನ್ನು ನಾನು ಯಾವತ್ತೂ ನಂಬಿದವನಲ್ಲ. ಯಾರಾದರೂ ದೆವ್ವ ಕಂಡೆ ಅಂದರೆ, ಕನಸಿನಲ್ಲಿ ಸೂಚನೆ ಸಿಕ್ಕಿತು ಅಂದರೆ, ನಕ್ಕು ಚಾ ಕುಡಿಯಲು ಎದ್ದುಬಿಡುತ್ತಿದ್ದೆ. ಕರೆಂಟೂ ಕಣ್ಣಿಗೆ ಕಾಣುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಕಾಣುವುದಿಲ್ಲ ನಿಜ, ಆದರೆ ಟೆಸ್ಟರ್ ಇಟ್ಟರೆ ದೀಪ ಹತ್ತುತ್ತದೆ. ಟೆಸ್ಟರಿಗೆ ಸಿಗದ್ದು ಯಾವುದೂ ಲೋಕದಲ್ಲಿ ಇಲ್ಲ ಎಂದುಕೊಂಡೇ ಮೂವತ್ತೈದು ವರ್ಷ ಮುಂಬಯಿಯಲ್ಲಿ ವೈರ್‌ಮನ್ ಕೆಲಸ ಮಾಡಿದೆ.

ಈಗ ಇದನ್ನು ಬರೆಯಲು ಕಾರಣ ನನ್ನ ಮೊಮ್ಮಗಳು. ಹುಟ್ಟಿ ಇಪ್ಪತ್ತಾರು ದಿನ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ, ಕೆಲಸದ ಪುಸ್ತಕ ತುಂಬಿಸಿದ್ದು ಬಿಟ್ಟರೆ ಬರೆದು ಅಭ್ಯಾಸವಿಲ್ಲ. ಆದರೆ ಸಂತೋಷ ಒಳಗೆ ಹಿಡಿಸುತ್ತಿಲ್ಲ, ಏನು ಮಾಡಲಿ? ದಹಿಸರ್‌ನ ನಮ್ಮ ಬಿಲ್ಡಿಂಗಿನಲ್ಲಿ ಹಾಲಿನವನಿಗೂ ಇಸ್ತ್ರಿಯವನಿಗೂ ಎರಡೆರಡು ಸಲ ಪೇಡೆ ಕೊಟ್ಟಾಯಿತು. ಮಗು ಆಕಳಿಸಿದರೂ ಎಲ್ಲರನ್ನೂ ಕರೆದು ತೋರಿಸುತ್ತೇನೆ. "ಆಕಳಿಸದ ಮಗು ಎಲ್ಲಿಯಾದರೂ ಉಂಟಾ ಮಾರಾಯ್ರೆ?" ಎಂದು ನನ್ನ ಹೆಂಡತಿ ಬೈಯುತ್ತಾಳೆ. ಅವಳಿಗೆ ಹೇಗೆ ಹೇಳುವುದು? ಏಳೆಂಟು ವರ್ಷದ ಹಿಂದೆ ಮಲಾಡಿನ ಒಂದು ಆಫೀಸು ಕಟ್ಟಡದಲ್ಲಿ ಒಂದು ಭಾನುವಾರ ನಡೆದದ್ದು ನಡೆಯದೆ ಇದ್ದಿದ್ದರೆ ಈ ಆಕಳಿಕೆಯೇ ಇರುತ್ತಿರಲಿಲ್ಲ. ನಡೆದ ಹಾಗೆಯೇ ಹೇಳುತ್ತೇನೆ. ಅರ್ಥ ನನಗೂ ಆಗಿಲ್ಲ.

ಅದು ಏಳು ಮಹಡಿಯ ಕಟ್ಟಡ. ಎಲ್ಲ ಕಡೆಗೆ ಕರೆಂಟು ಹಂಚುವ ದೊಡ್ಡ ಸ್ವಿಚ್‌ಬೋರ್ಡು ಕೆಳಗೆ ಬೇಸ್‌ಮೆಂಟಿನಲ್ಲಿತ್ತು. ನಾವು ಅದನ್ನು ಪ್ಯಾನೆಲ್ ಅನ್ನುತ್ತೇವೆ. ಅಲ್ಲಿಂದ ದಪ್ಪ ತಾಮ್ರದ ಪಟ್ಟಿಗಳು ಗೋಡೆಯ ಸಂದಿನಲ್ಲಿ ಮೇಲಕ್ಕೆ ಹೋಗುತ್ತಿದ್ದವು, ಒಂದೊಂದು ಮಹಡಿಯಲ್ಲಿ ಒಂದೊಂದು ಪೆಟ್ಟಿಗೆ. ವರ್ಷಕ್ಕೆ ಒಂದು ಭಾನುವಾರ ಇಡೀ ಕಟ್ಟಡದ ಕರೆಂಟು ತೆಗೆದು ಧೂಳು ಹೊಡೆಯುವುದು, ಬೋಲ್ಟು ಬಿಗಿ ಮಾಡುವುದು, ಕಪ್ಪಾದ ಕಡೆ ಒರೆಸುವುದು ನಮ್ಮ ಕೆಲಸ. ಕೆಟ್ಟ ಮೇಲೆ ಮಾಡುವ ಕೆಲಸವಲ್ಲ ಇದು, ಕೆಡಬಾರದು ಎಂದು ಮಾಡುವ ಕೆಲಸ. ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದೆ ಇದ್ದದ್ದಕ್ಕೆ ಯಾರೂ ಹೊಗಳುವುದೂ ಇಲ್ಲ.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು. ಮೇನ್ ಸ್ವಿಚ್ ತೆಗೆದ ಕೂಡಲೇ ಅದರ ಹಿಡಿಗೆ ಆರು ತೂತಿನ ಒಂದು ಕಬ್ಬಿಣದ ಕೊಂಡಿ ಹಾಕುತ್ತೇವೆ. ಆ ದಿನ ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬನೂ ಅದಕ್ಕೆ ತನ್ನ ಬೀಗ ಹಾಕಿ ಬೀಗದ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಕೆಲಸ ಮುಗಿದ ಮೇಲೆ ಅವನವನ ಬೀಗ ಅವನೇ ತೆಗೆಯಬೇಕು. ಒಂದೇ ಒಂದು ಬೀಗ ಉಳಿದರೂ ಸ್ವಿಚ್ ಏಳುವುದಿಲ್ಲ. ಬೀಗ ಇದೆ ಅಂದರೆ ಎಲ್ಲೋ ಒಬ್ಬನ ಕೈ ತಾಮ್ರದ ಮೇಲಿದೆ ಅಂತ ಲೆಕ್ಕ. ಬೀಗದ ಯಜಮಾನನ ಮುಖ ನೋಡದೆ ಅದನ್ನು ಒಡೆಯುವ ಹಾಗಿಲ್ಲ.

ವಿನಯಾ ನನ್ನ ಒಬ್ಬಳೇ ಮಗಳು. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ಬಿಸಿ ತೋರಿಸುವ ಕ್ಯಾಮೆರಾ ಹಿಡಿದು ಪ್ಯಾನೆಲ್ ತಪಾಸಣೆ ಮಾಡುವ ಕೆಲಸಕ್ಕೆ ಆಗ ತಾನೇ ಸೇರಿದ್ದಳು. ಆ ಶುಕ್ರವಾರ ತಪಾಸಣೆಗೆ ನನ್ನ ಕಟ್ಟಡಕ್ಕೇ ಬಂದಳು. ಎಲ್ಲ ಮಹಡಿ ಹತ್ತಿ ಇಳಿದು, ನನ್ನ ಹುಡುಗರ ಎದುರಿಗೇ, "ಸಾರ್, ನಿಮ್ಮ ನಾಲ್ಕನೇ ಮಹಡಿಗೆ ಬುಖಾರ್ ಬಂದಿದೆ, ಒಂದು ಜೋಡಣೆ ಜ್ವರದ ಹಾಗೆ ಸುಡ್ತಾ ಇದೆ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುಚ್ಚಿತು. ಆ ಜೋಡಣೆ ಹಿಂದಿನ ವರ್ಷ ನಾನೇ ಬಿಗಿ ಮಾಡಿದ್ದು.

ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ, ಸಲೀಂ, ತುಕಾರಾಂ, ಕಾರ್ಕಳದ ಸದಾನಂದ ಮತ್ತು ನಾನು, ಬೀಗ ಹಾಕಿದೆವು. ಖಾಲಿ ಕೊಂಡಿಯನ್ನು ಹಾಕಿದ್ದು ನಾನೇ. ನಾಲ್ಕು ಬೀಗವನ್ನೂ ಜೋರಾಗಿ ಎಣಿಸಿ ಪುಸ್ತಕದಲ್ಲಿ ನಾಲ್ಕು ಹೆಸರು ಬರೆದೆ. ಕೆಂಪು ಬಣ್ಣದ ಬೀಗಗಳು, ಮೇಲೆ ಬಿಳಿಯಲ್ಲಿ ನಂಬರು. ನಾಲ್ಕನೇ ಮಹಡಿಗೆ ನಾನೇ ಹೋಗಿ ಬಿಗಿ ಮಾಡಿ ಬಂದೆ.

ಮಧ್ಯಾಹ್ನ ಊಟದ ಹೊತ್ತಿಗೆ ವಿನಯಾ ಬಂದಳು.

"ಪಪ್ಪ, ಒಂದ್ಸಲ ನಾನು ದೇಖ್ ಲೂಂ?"

"ಎಂತ ನೋಡುವುದು? ನಾನೇ ಟೈಟ್ ಮಾಡಿದ್ದು. ನೀನು ಹುಟ್ಟುವ ಮೊದಲಿಂದ ಮಾಡ್ತಾ ಇದ್ದೇನೆ. ಮನೆಗೆ ಹೋಗು, ಅಮ್ಮ ಮೀನುಸಾರು ಮಾಡಿದ್ದಾಳೆ."

"ಠೀಕ್ ಹೈ ಬಾಬಾ, ಜಾತೀ ಹೂಂ" ಎಂದು ನಗುತ್ತಾ ಬ್ಯಾಗು ಹೆಗಲಿಗೆ ಹಾಕಿದಳು. ಗೇಟು ದಾಟಿ ಸ್ಟೇಶನ್ ಕಡೆಗೆ ತಿರುಗಿದ್ದನ್ನು ನಾನು ನನ್ನ ಕಣ್ಣಿನಿಂದ ನೋಡಿದೆ. ಆಮೇಲೆ ನಾಲ್ವರೂ ಟೆರೇಸಿಗೆ ಹೋಗಿ ಊಟ ಮಾಡಿದೆವು.

ಮೂರು ಗಂಟೆಗೆ ಕೆಲಸ ಮುಗಿಯಿತು. ಪ್ರತಿ ವರ್ಷ ಐದಾಗುತ್ತಿತ್ತು, ಆ ವರ್ಷ ಬೇಗ. ಮ್ಯಾನೇಜರು ಬಂದು ನಿಂತಿದ್ದರು. ಎರಡನೇ ಮಹಡಿಯ ಲ್ಯಾಬಿನ ಫ್ರಿಜ್ ಬಿಸಿಯಾಗುತ್ತಿದೆಯೆಂದು ಅವರಿಗೆ ಫೋನಿನ ಮೇಲೆ ಫೋನು. ಸಲೀಂ ತನ್ನ ಬೀಗ ತೆಗೆದ. ತುಕಾರಾಂ ತೆಗೆದ. ಸದಾನಂದ ತೆಗೆದ. ಕೊನೆಗೆ ನಾನು ನನ್ನದನ್ನು ತೆಗೆದೆ. ಕೊಂಡಿಯಲ್ಲಿ ಇನ್ನೂ ಒಂದು ಬೀಗ ನೇತಾಡುತ್ತಿತ್ತು.

ನಮ್ಮ ಬೀಗದ ಹಾಗೆಯೇ ಕೆಂಪು ಬಣ್ಣ. ಆದರೆ ನಂಬರು ಇಲ್ಲ.

"ಎಂತ ಅಣ್ಣ ಇದು? ವಯಸ್ಸಾಯ್ತು ಅಂತ ಎರಡೆರಡು ಬೀಗ ಹಾಕ್ಲಿಕ್ಕೆ ಶುರು ಮಾಡಿದ್ರಾ?" ಎಂದು ಸದಾನಂದ ನಕ್ಕ. ನಾಲ್ವರ ಬೀಗದ ಕೈಗಳನ್ನೂ ಹಾಕಿ ನೋಡಿದೆವು. ಯಾವುದೂ ತಿರುಗಲಿಲ್ಲ. ಮ್ಯಾನೇಜರಿಗೆ ತಾಳ್ಮೆ ಕೆಟ್ಟಿತು. "ಕ್ಯಾ ಅಣ್ಣಾ, ಏಕ್ ತಾಲೇ ಕೇ ಲಿಯೇ ಪೂರೀ ಬಿಲ್ಡಿಂಗ್ ಬಂದ್ ರಖೋಗೇ? ತೋಡ್ ಡಾಲೋ!" ಒಂದು ಬೀಗಕ್ಕಾಗಿ ಇಡೀ ಕಟ್ಟಡ ನಿಲ್ಲಿಸುವುದಾ, ಒಡೆದುಹಾಕಿ ಅಂದರು.

ಇಲ್ಲಿ ಸುಳ್ಳು ಬರೆಯುವುದಿಲ್ಲ. ನಾನು ಗರಗಸ ಕೈಗೆ ತೆಗೆದುಕೊಂಡಿದ್ದೆ. ಪುಸ್ತಕದಲ್ಲಿ ನಾಲ್ಕು ಹೆಸರು, ಕಣ್ಣೆದುರಿಗೆ ನಾಲ್ಕು ಜನ. ಇನ್ನು ಯಾರ ಮುಖ ನೋಡುವುದು? ಆದರೆ ಇದೇ ನಿಯಮ ಮುರಿದನೆಂದು ನಾನು ಒಮ್ಮೆ ತುಕಾರಾಮನನ್ನು ಒಂದು ವಾರ ಮನೆಗೆ ಕಳಿಸಿದ್ದೆ. ಅವನು ಈಗ ನನ್ನ ಗರಗಸವನ್ನೇ ನೋಡುತ್ತಿದ್ದ. ನಾಚಿಕೆಯಾಯಿತು. "ಒಂದು ಸುತ್ತು ನೋಡಿ ಬರುತ್ತೇನೆ. ಅಲ್ಲಿವರೆಗೆ ಯಾರೂ ಮುಟ್ಟಬೇಡಿ" ಎಂದು ಟಾರ್ಚು ಹಿಡಿದು ಮೆಟ್ಟಿಲು ಹತ್ತಿದೆ.

ಹೊರಗೆ ಸುಡುವ ಬಿಸಿಲು, ಒಳಗೆ ಮೆಟ್ಟಿಲ ಮೇಲೆ ನಡುರಾತ್ರಿಯ ಕತ್ತಲು. ಒಂದನೇ ಮಹಡಿ, ಎರಡು, ಮೂರು, ಎಲ್ಲೂ ಯಾರೂ ಇಲ್ಲ. ನಾಲ್ಕನೆಯದಕ್ಕೆ ಹತ್ತುವಾಗ ಗೋಡೆಯ ಸಂದಿನ ಬಾಗಿಲಿನಿಂದ ಸಣ್ಣ ಬೆಳಕು ಕಂಡಿತು. ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ವಿನಯಾ ನಿಂತಿದ್ದಳು. ಬಲಗೈ ಮೊಣಕೈವರೆಗೆ ಪೆಟ್ಟಿಗೆಯ ಒಳಗೆ, ತಾಮ್ರದ ಹಿಂದೆ. ಅಲ್ಲಿಗೆ ಕರೆಂಟು ಬರುವುದು ನೇರ ಕೆಳಗಿನಿಂದ. ಆ ಮಹಡಿಯ ಸ್ವಿಚ್ ತೆಗೆದರೂ ಪ್ರಯೋಜನವಿಲ್ಲ.

ನನ್ನನ್ನು ಕಂಡು ಮೊಬೈಲು ಕೈಗೆ ತೆಗೆದುಕೊಂಡಳು. "ಪಪ್ಪ, ಗುಸ್ಸಾ ಮತ್ ಕರೋ. ಹಿಂದಿನ ಬೋಲ್ಟ್ ಲೂಸ್ ಇತ್ತು. ಬಸ್, ಆಯ್ತು."

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸ್ಟೇಶನ್ ಹತ್ತಿರ ವಡಾಪಾವ್ ತಿಂದು ಮುಂದಿನ ಬಾಗಿಲಿನಿಂದ ವಾಪಸು ಬಂದಿದ್ದಳಂತೆ. ಅಪ್ಪನ ಕೆಲಸದಲ್ಲಿ ತಪ್ಪು ಇದ್ದರೆ ಹುಡುಗರಿಗೆ ಗೊತ್ತಾಗುವುದು ಬೇಡ, ತಾನೇ ಸರಿ ಮಾಡಿ ಸುಮ್ಮನೆ ಹೋಗೋಣ ಎಂದು. ಐದು ಗಂಟೆಯವರೆಗೆ ಕೆಲಸ ಇರುತ್ತದೆ ಎಂದು. ತಪಾಸಣೆಗೆ ಬಂದವರಿಗೆ ಬೀಗ ಇರುವುದಿಲ್ಲ, ಅವರು ನೋಡುವವರು ಮಾತ್ರ, ಮುಟ್ಟುವವರಲ್ಲ. ಗೋಡೆಯ ಕಡೆಯ ಆ ಬೋಲ್ಟು ನಿಜವಾಗಿಯೂ ಸಡಿಲ ಇತ್ತು. ನನ್ನ ಕೈ ಅಲ್ಲಿಗೆ ಎಟುಕಿರಲಿಲ್ಲ, ಎಟುಕಿತು ಅಂದುಕೊಂಡಿದ್ದೆ.

ಅವಳನ್ನು ಕೆಳಗೆ ಕರೆತಂದು ಎಲ್ಲರ ಎದುರಿಗೆ ನಿಲ್ಲಿಸಿದ ಮೇಲೆ ಬೀಗ ಒಡೆಸಿದೆ. ಸದಾನಂದನೇ ಗರಗಸ ಹಿಡಿದ. ಆಗ ಅವನು ನಗಲಿಲ್ಲ. ಮ್ಯಾನೇಜರೂ ಫ್ರಿಜ್‌ನ ಮಾತು ಎತ್ತಲಿಲ್ಲ.

ಆಮೇಲೆ ಎಷ್ಟು ಸಲ ಯೋಚಿಸಿದೆನೋ. ಮೂವರನ್ನೂ ಬೇರೆ ಬೇರೆ ಕರೆದು ಕೇಳಿದೆ. ಸಲೀಂ ಮಕ್ಕಳ ಮೇಲೆ ಆಣೆ ಹಾಕಿದ. ಬೀಗವನ್ನು ಅಂಗಡಿಯಲ್ಲಿ ತೋರಿಸಿದರೆ, ಇಂಥದ್ದು ದಿನಕ್ಕೆ ಎಷ್ಟೋ ಮಾರುತ್ತೇವೆ ಅಂದರು. ನಾವು ಟೆರೇಸಿನಲ್ಲಿ ಊಟಕ್ಕೆ ಕೂತಾಗ ಪ್ಯಾನೆಲ್ ರೂಮಿನ ಬಾಗಿಲಿಗೆ ಚಿಲಕ ಮಾತ್ರ ಇತ್ತು, ಯಾರು ಬೇಕಾದರೂ ಬರಬಹುದಿತ್ತು, ಒಪ್ಪಿದೆ. ಆದರೆ ಕತ್ತಲೆಯ ಬೇಸ್‌ಮೆಂಟಿಗೆ ಬಂದು ಬೀಗ ಹಾಕಿ ಹೋಗುವವನು ಯಾರು? ಹಾಕಿದವನು ತೆಗೆಯಲು ಯಾಕೆ ಬರಲಿಲ್ಲ?

ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ, ನೆಂಟರೆಲ್ಲ ಹೋದ ಮೇಲೆ, ವಿನಯಾ ನನ್ನ ಹತ್ತಿರ ಬಂದು ಕೂತಳು. "ಪಪ್ಪ, ಈಗಲಾದ್ರೂ ಬೋಲೋ. ಆ ತಾಲಾ ನೀವೇ ಹಾಕಿದ್ದಲ್ವಾ?"

ಇಷ್ಟು ವರ್ಷ ಅವಳು ನಂಬಿಕೊಂಡು ಬಂದದ್ದು ಅದನ್ನೇ. ವಾಪಸು ಬಂದದ್ದನ್ನು ಅಪ್ಪ ನೋಡಿದರು, ಬೈಯದೆ ತನಗಾಗಿ ಒಂದು ಬೀಗ ಹಾಕಿದರು ಎಂದು. ಹೌದು ಅಂದುಬಿಟ್ಟಿದ್ದರೆ ಎಷ್ಟು ಖುಷಿಪಡುತ್ತಿದ್ದಳು! ಬಾಯಿಗೆ ಬಂದೂ ಬಿಟ್ಟಿತ್ತು.

"ಅಲ್ಲ ಮಗಾ" ಅಂದೆ. "ನೀನು ಮೇಲಿದ್ದೀ ಅಂತ ಗೊತ್ತಿದ್ದರೆ ಬೀಗ ಹಾಕಿ ಸುಮ್ಮನೆ ಊಟಕ್ಕೆ ಹೋಗ್ತಿದ್ದೆನಾ? ನಾಲ್ಕು ಮಹಡಿ ಓಡಿ ಬಂದು ನಿನ್ನ ಜಡೆ ಹಿಡಿದು ಇಳಿಸ್ತಿದ್ದೆ."

ಅವಳು ನಕ್ಕಳು. ನಗು ಅರ್ಧದಲ್ಲಿ ನಿಂತಿತು. ಮೆಲ್ಲನೆ ಕೇಳಿದಳು, "ತೋ ಫಿರ್ ಯಾರು, ಪಪ್ಪ?"

ಇಬ್ಬರೂ ತೊಟ್ಟಿಲಿನ ಕಡೆ ನೋಡುತ್ತಾ ಕೂತೆವು.