ಎರಡು ಔನ್ಸ್ ಎಣ್ಣೆ

ತಕ್ಕಡಿಯ ಮುಳ್ಳು ಒಂಬತ್ತು ಪೌಂಡ್ ದಾಟಿ, ಇನ್ನೆರಡು ಔನ್ಸ್ ಮುಂದೆ ಹೋಗಿ ನಿಂತಿತು. ಮದ್ರಾಸಿನಿಂದ ಬಂದಿದ್ದ ದೊರೆ ರೈಫಲ್ಲನ್ನು ಕೊಕ್ಕೆಯಿಂದ ಇಳಿಸಿ ಹನುಮಂತನ ಕೈಗೆ ವಾಪಸ್ ಕೊಟ್ಟ.

ಅರ್ಧ ಗಂಟೆ ಟೈಮು. ಅಷ್ಟರಲ್ಲಿ ತೂಕ ಇಳಿಸಿ ತರದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಎಂದು ದೊರೆಯ ಮಾತನ್ನು ಅವನ ಗುಮಾಸ್ತರು ಕನ್ನಡದಲ್ಲಿ ತಿಳಿಸಿದರು.

ಹನುಮಂತ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ನಾನು ಹೊಸಪೇಟೆಯ ಬಡಗಿ. ಗಾಡಿಯ ಗಾಲಿ, ನೇಗಿಲು, ಬಾಗಿಲು ಮಾಡುವವನು. ಸುತ್ತಲಿನ ಶಿಕಾರಿಯವರ ಬಂದೂಕಿನ ಹಿಡಿ ಮುರಿದರೂ ನನ್ನ ಹತ್ತಿರವೇ ತರುತ್ತಿದ್ದರು. ಆ ಕೆಲಸದಲ್ಲಿ ಸ್ವಲ್ಪ ಹೆಸರಿತ್ತು... ಹೆಸರಿಗಿಂತ ಜಂಬ ಜಾಸ್ತಿ ಇತ್ತು.

ಹನುಮಂತ ಚಿಕ್ಕಂದಿನ ಗೆಳೆಯ, ಸಂಡೂರು ಗುಡ್ಡದ ಕಾಡು ಕಾಯುವವನು. ಅವನ ಕೆಲಸ ಆ ವರ್ಷಕ್ಕೆ ಮುಗಿಯುವುದಿತ್ತು. ದಸರೆಯ ಗುರಿ ಸ್ಪರ್ಧೆಯಲ್ಲಿ ಗೆದ್ದವನನ್ನು ಖಾಯಂ ಗಾರ್ಡ್ ಮಾಡುತ್ತೇವೆ ಎಂದು ದೊರೆಗಳು ಮಾತು ಕೊಟ್ಟಿದ್ದರು.

ಸೋತರೆ ಮ್ಯಾಂಗನೀಸ್ ಗಣಿಗೆ ಹೋಗಬೇಕು. ಅವನ ಅಣ್ಣ ಗಣಿಯಲ್ಲೇ ಕಲ್ಲಿನಡಿ ಸಿಕ್ಕಿ ಸತ್ತಿದ್ದ. ಹನುಮಂತ ಹುಲಿಗೆ ಹೆದರದವನು, ಆ ಗಣಿಯ ಹೆಸರೆತ್ತಿದರೆ ಮಾತು ಬದಲಿಸುತ್ತಿದ್ದ.

ಅವನು ಸೇರಿದ್ದು ಹಗುರ ರೈಫಲ್ಲಿನ ಕ್ಲಾಸು. ಒಂಬತ್ತು ಪೌಂಡ್ ಮೀರುವ ಹಾಗಿಲ್ಲ. ಆದರೆ ಭಾರ ಇದ್ದಷ್ಟೂ ಬಂದೂಕು ಕೈಯಲ್ಲಿ ಅಲುಗಾಡುವುದು ಕಡಿಮೆ, ಹಾಗಾಗಿ ಎಲ್ಲರೂ ಗೆರೆ ಮುಟ್ಟುವ ತನಕ ತೂಕ ತುಂಬಿಸಿಕೊಂಡೇ ಬರುತ್ತಾರೆ.

ನಾನು ಹಳೆಯ ಹಿಡಿ ತೆಗೆದು, ಚೆನ್ನಾಗಿ ಒಣಗಿದ್ದ ಹೊನ್ನೆ ಮರದಲ್ಲಿ ಹೊಸದು ಕೆತ್ತಿದೆ. ಹೆಗಲಿಗೆ ಆನಿಸುವ ಬುಡದಲ್ಲಿ ತೂತು ಕೊರೆದು, ಸೀಸ ಕರಗಿಸಿ ಹೊಯ್ದೆ. ಒಂದು ವಾರ ಮೊದಲೇ ಸ್ಪರ್ಧೆಯವರದೇ ತಕ್ಕಡಿಯಲ್ಲಿ ತೂಗಿ ನೋಡಿದ್ದೆವು. ಮುಳ್ಳು ಒಂಬತ್ತರ ಗೆರೆಯ ಮೇಲೆ ಸರಿಯಾಗಿ ನಿಂತಿತ್ತು.

ಆಮೇಲೆ ಆಯುಧಪೂಜೆ ಬಂತು.

ಉಳಿ, ಬಾಚಿ, ಗರಗಸದ ಜೊತೆ ರೈಫಲ್ಲನ್ನೂ ಪೂಜೆಗೆ ಕೂರಿಸಿದೆ. ಕೂರಿಸುವ ಮುಂಚೆ ಎಲ್ಲಾ ಮರದ ಹಿಡಿಗಳಿಗೆ ಕುಸುಬೆ ಎಣ್ಣೆ ತಿಕ್ಕುವುದು ಅಪ್ಪನ ಕಾಲದಿಂದ ನಡೆದು ಬಂದ ಪದ್ಧತಿ. ಬಣ್ಣ ಕಾಣದ ಒಣ ಮರ, ತಿಕ್ಕಿದಷ್ಟೂ ಕುಡಿಯಿತು. ಗೆಳೆಯನ ಬಂದೂಕಲ್ಲವೇ ಎಂದು ಎರಡು ಸಲ ಹೆಚ್ಚಿಗೇ ತಿಕ್ಕಿದೆ.

ಒಮ್ಮೆ ಕೂರಿಸಿದ್ದನ್ನು ವಿಜಯದಶಮಿಯ ಬೆಳಿಗ್ಗೆ ತನಕ ನಾವು ಮುಟ್ಟುವುದಿಲ್ಲ. ಸ್ಪರ್ಧೆ ಇದ್ದದ್ದು ಅದೇ ದಿನ. ಕುಂಕುಮ ಒರೆಸಿ ನೇರ ಮೈದಾನಕ್ಕೆ ಒಯ್ದೆವು.

ಕುಡಿದ ಎಣ್ಣೆಗೂ ತೂಕ ಇರುತ್ತದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮರದಲ್ಲೇ ಬದುಕುವವನು ನಾನು.

ಬೇವಿನ ನೆರಳಲ್ಲಿ ಕೂತು ರೈಫಲ್ಲನ್ನು ತೊಡೆಯ ಮೇಲೆ ಹಾಕಿಕೊಂಡೆ. ಕೈಯಲ್ಲಿ ಒಂದು ಉಳಿ ಮಾತ್ರ. ಸೀಸ ಕೊರೆಯುವ ಬೈರಿಗೆ ಮನೆಯಲ್ಲಿದೆ, ಹೋಗಿ ಬರುವಷ್ಟು ಟೈಮಿಲ್ಲ.

ಬುಡದ ಸುತ್ತ ಕೆತ್ತಿದೆ. ಅಲ್ಲಿ ಸೀಸದ ಸುತ್ತ ಇರುವುದೇ ಬೆರಳಿನಷ್ಟು ಮರ, ಇನ್ನು ಕೆತ್ತುವ ಹಾಗಿಲ್ಲ. ತೂಗಿದರೆ ಇನ್ನೂ ಒಂದು ಔನ್ಸ್ ಜಾಸ್ತಿ.

ಉಳಿದದ್ದು ಕುತ್ತಿಗೆ. ಕೈ ಬಿಗಿಯಾಗಿ ಹಿಡಿಯುವ ಜಾಗ ಅದು, ಗುಂಡಿನ ಒದೆತವೆಲ್ಲ ಬೀಳುವುದೂ ಅಲ್ಲೇ. ನಾನು ಅದನ್ನೇ ಕೆತ್ತತೊಡಗಿದೆ.

"ಭಾಳ ತೆಳ್ಳಗ ಆಗಂಗಿಲ್ಲೇನ್ಲೇ?" ಅಂದ ಹನುಮಂತ.

"ನೀ ಗುರಿ ನೋಡ್ಕೊ. ಮರದ್ದು ನನಗ ಬಿಡು."

ತೆಳ್ಳಗಾಗಿದೆ ಎಂದು ನನಗೆ ಗೊತ್ತಿತ್ತು. ಸ್ಪರ್ಧೆಯ ಹತ್ತು ಗುಂಡು ತಡೆದರೆ ಸಾಕು ಎಂದುಕೊಂಡೆ.

ಮುಳ್ಳು ಒಂಬತ್ತಕ್ಕೆ ಬಂತು. ಹನುಮಂತನ ಹೆಸರು ಕೂಗಿದರು.

ಮೊದಲ ಮೂರು ಗುಂಡು ಕರಿ ಚುಕ್ಕೆಯ ಒಳಗೇ ಬಿದ್ದವು. ನನ್ನ ಪಕ್ಕದಲ್ಲಿದ್ದ ಗುಮಾಸ್ತರು, ಇವನನ್ನು ಹಿಡಿಯುವವರಿಲ್ಲ ಅಂದರು. ನಾನೂ ನಗುತ್ತಿದ್ದೆ.

ನಾಲ್ಕನೆಯದಕ್ಕೆ ಗುಂಡಿನ ಸದ್ದಿನ ಜೊತೆ ಇನ್ನೊಂದು ಸದ್ದು ಬಂತು. ಅದು ಮರ ಸೀಳುವ ಸದ್ದು ಎಂದು ನನಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

ಕುತ್ತಿಗೆ ಎರಡಾಗಿತ್ತು. ಒಂದು ಸಿಬಿರು ಅವನ ಬಲಗಣ್ಣಿಗೆ ಹೊಕ್ಕಿತ್ತು... ಅವನು ಕೂಗಲಿಲ್ಲ, ಕೈಯಿಂದ ಮುಖ ಮುಚ್ಚಿಕೊಂಡು ಹಾಗೇ ಮಂಡಿಯೂರಿದ.

ಅವನನ್ನು ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದ ಮೇಲೆ ವಿಚಾರಣೆ ನಡೆಯಿತು. ದೊರೆ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಗುಮಾಸ್ತರು ನನಗೆ ತಿಳಿಸಿದರು. "ಮರದಾಗ ಏನರ ದೋಷ ಇತ್ತೇನಪ್ಪ?"

"ಇಲ್ಲರಿ. ಮರ ಚಲೋ ಇತ್ತು."

ಸುಳ್ಳಲ್ಲ ನೋಡಿ. ಮರ ಚೆನ್ನಾಗಿಯೇ ಇತ್ತು. ತೂಕ ಇಳಿಸಲು ಎಲ್ಲಿ ಕೆತ್ತಿದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಬಂದೂಕನ್ನು ಹೆಗಲಿಗೆ ಒತ್ತಿ ಹಿಡಿಯದೆ ಹೀಗಾಯಿತು, ಹಿಡಿದವನದೇ ತಪ್ಪು ಎಂದು ಬರೆದುಕೊಂಡು ಹೋದರು.

ಕಣ್ಣು ಉಳಿಯಲಿಲ್ಲ. ಒಂದೇ ಕಣ್ಣಿನವನೆಂದು ಕೊನೆಗೆ ಗಣಿಯವರೂ ಅವನನ್ನು ತೆಗೆದುಕೊಳ್ಳಲಿಲ್ಲ. ಹೆಂಡತಿಯ ಊರು ಕಂಪ್ಲಿಗೆ ಹೋಗಿ ಯಾರದೋ ಕಬ್ಬಿನ ಗದ್ದೆ ಕಾಯುತ್ತಿದ್ದಾನೆ ಎಂದು ಕೇಳಿದೆ.

ನಾಲ್ಕು ವರ್ಷ ಸುಮ್ಮನಿದ್ದೆ. ಹೋದ ತಿಂಗಳು, ಇವತ್ತು ಹೇಳಿಯೇ ಬರುವುದು ಎಂದು ಗಾಡಿ ಹತ್ತಿದೆ.

ನನ್ನನ್ನು ಕಂಡು ಅವನು ಎದ್ದು ಬಂದ. ಬದುವಿನ ಮೇಲೆ ಟವೆಲ್ ಹಾಸಿ, "ಕುಂದ್ರು" ಅಂದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರು ಮಾಡಿದ.

"ನಿನಗ ಮುಖ ತೋರ್ಸಾಕ ನಾಚಿಗಿ ಬರ್ತಿತ್ತು ನೋಡು. ಅಷ್ಟ್ ಕಷ್ಟಪಟ್ಟು ಮಾಡಿಕೊಟ್ಟಿದ್ದಿ, ಮರ ಚಲೋ ಇತ್ತಂತ ದೊರಿಗಳೂ ಬರದಾರ. ನನ್ನ ಕೈನ ಸರಿ ಹಿಡೀಲಿಲ್ಲ, ನಾನ ಹಾಳು ಮಾಡಿದೆ. ಮನಸಿನಾಗ ಇಟ್ಕಾಬ್ಯಾಡ."

ಅವನ ಮನೆಯಲ್ಲಿ ಊಟ ಮಾಡಿದೆ. ಅವನ ಹೆಂಡತಿ ಎರಡನೇ ಸಲ ರೊಟ್ಟಿ ಹಾಕಿದಳು, ಅದನ್ನೂ ತಿಂದೆ. ಸಂಜೆಯ ಗಾಡಿಗೆ ಹೊಸಪೇಟೆಗೆ ಬಂದುಬಿಟ್ಟೆ.

ನೀವಾದರೂ ಹೇಳಿ... ನಿನ್ನ ಕೈ ಸರಿಯಾಗಿಯೇ ಇತ್ತು ಕಣೋ ಎಂದು ಇಷ್ಟು ತಡವಾಗಿ ಅವನಿಗೆ ಹೇಗೆ ಹೇಳಲಿ?